ಅವಳ ಹೆಸರಿದ್ದ ನೋಟುಬುಕ್ಕು

ಹೋದ ವರ್ಷ ಇಬ್ಬರು ಹುಡುಗಿಯರು ಕ್ಯಾಮೆರಾ ಹೊತ್ತುಕೊಂಡು ನಮ್ಮ ಮನೆಗೆ ಬಂದಿದ್ದರು. ಹಳೆಯ ಅಪರಾಧ ಪ್ರಕರಣಗಳ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದರಂತೆ. ಕೋರ್ಟಿನ ಹಳೆಯ ಕಾಗದಗಳಲ್ಲಿ ಸಾಕ್ಷಿದಾರಳೆಂದು ನನ್ನ ಹೆಸರು ಅವರಿಗೆ ಸಿಕ್ಕಿತ್ತು. ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಸೆರಗಿಗೆ ಗುಂಡಿಯಂಥ ಒಂದು ಮೈಕು ಸಿಕ್ಕಿಸಿ, ಅವರಲ್ಲೊಬ್ಬಳು ಕೇಳಿದಳು: "ಅಜ್ಜಿ, ಆ ಮನಶ್ಯಾ ಅಪರಾಧಿ ಹೌದೋ ಅಲ್ಲೋ? ಒಂದ ಮಾತಿನ್ಯಾಗ ಹೇಳ್ರಿ."

"ನನಗ ಗೊತ್ತಿಲ್ಲವಾ" ಎಂದೆ.

ವಯಸ್ಸಾಗಿ ಮರೆತಿದ್ದೇನೆ ಎಂದು ಅವರು ತಿಳಿದರು. ಚಹಾ ಕುಡಿದು, ನಮಸ್ಕಾರ ಮಾಡಿ ಹೋದರು. ನಾನು ಏನನ್ನೂ ಮರೆತಿಲ್ಲ. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ಸ್ವಾತಂತ್ರ್ಯ ಬಂದು ಐದಾರು ವರ್ಷಗಳಾಗಿದ್ದವು. ಗದಗ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ನಾನು ಹುಲಕೋಟಿಯವಳು, ಅಪ್ಪ ಇಲ್ಲದವಳು. ಟ್ರೇನಿಂಗ್ ಮುಗಿಸಿ ಬೆಟಗೇರಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದಿದ್ದೆ. ವಯಸ್ಸು ಇಪ್ಪತ್ಮೂರು. ಅವ್ವನೊಡನೆ ನೇಕಾರರ ಮನೆಯೊಂದರ ಹಿಂದಿನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದೆ. ಮುಂದಿನ ಪಡಸಾಲೆಯಲ್ಲಿ ಮಗ್ಗಗಳಿದ್ದವು. ಶಾಲೆಯ ಮಧ್ಯಾಹ್ನದ ಬಿಡುವಿಗೆ ನಾನು ಮನೆಗೆ ಬಂದು, ಅವರು ಮಗ್ಗ ನಿಲ್ಲಿಸಿ ಉಣ್ಣಲು ಎದ್ದಾಗ ಆ ಪಡಸಾಲೆಯಲ್ಲಿ ಓಣಿಯ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ಯಾರೂ ಹೇಳಿದ್ದಲ್ಲ. ಸ್ವಂತ ಸರಕಾರ ಬಂದಮೇಲೂ ಹೆಬ್ಬೆಟ್ಟು ಒತ್ತುವುದೇ ಎಂಬ ಹುರುಪು ಆಗ ನಮ್ಮಂಥವರಲ್ಲಿತ್ತು. ಎಂಟು ಮಂದಿ ಬರುತ್ತಿದ್ದರು, ಕೆಲವು ದಿನ ಇಬ್ಬರೇ. ಎಂದೂ ತಪ್ಪಿಸದವಳು ಒಬ್ಬಳೇ.

ಅವಳು ಮುಂಡರಗಿ ಕಡೆಯ ಹೆಣ್ಣು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬೇಕು. ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ನಕ್ಕರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು, ಮುಂದಿನ ಎರಡು ಹಲ್ಲು ತುಸು ಉಬ್ಬಿದ್ದವೆಂದು ನಾಚಿಕೆ. ಅವಳ ಗಂಡ ಲಕ್ಷ್ಮೇಶ್ವರದವನು. ಗದಗಿನ ಒಂದು ಛಾಪಖಾನೆಯಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸ ಮಾಡುತ್ತಿದ್ದ. ಲಗ್ನಪತ್ರಿಕೆ, ಅಂಗಡಿಗಳ ಜಾಹೀರಾತು, ಕನ್ನಡ ನಾಡು ಒಂದಾಗಬೇಕೆಂಬ ಸಭೆಗಳ ಕರಪತ್ರ, ಎಲ್ಲವೂ ಅವನ ಕೈಯಲ್ಲೇ ಸಿದ್ಧವಾಗುತ್ತಿದ್ದವು. ತೆಳ್ಳಗಿನ, ಮೆಲುದನಿಯ ಮನುಷ್ಯ. ಬೆರಳುಗಳು ಸದಾ ಕಪ್ಪಗೆ. ದಾರಿಯಲ್ಲಿ ನನ್ನನ್ನು ಕಂಡರೆ ಟೊಪ್ಪಿಗೆ ಮುಟ್ಟಿ "ನಮಸ್ಕಾರ್ರಿ ಅಕ್ಕಾರ" ಎನ್ನುತ್ತಿದ್ದ. ಹೆಂಡತಿ ಜ್ವರದಲ್ಲಿ ಮಲಗಿದಾಗ ನಾಲ್ಕು ದಿನ ಕೆಲಸಕ್ಕೆ ಹೋಗದೆ ಹಾಸಿಗೆಯ ಪಕ್ಕ ಕೂತಿದ್ದನೆಂದು ಓಣಿಯ ಗಂಡಸರು ಅವನನ್ನು ಗೇಲಿ ಮಾಡುತ್ತಿದ್ದರು. ಕುಡಿತವಿಲ್ಲ, ಬೈಗುಳವಿಲ್ಲ. ಹೆಂಡತಿಯನ್ನು ನನ್ನ ಪಾಠಕ್ಕೆ ಕಳಿಸಿದವನೂ ಅವನೇ.

ಎಲ್ಲರಿಗೂ ಮೊದಲು ಅವರವರ ಹೆಸರು ಬರೆಯುವುದನ್ನು ಕಲಿಸುತ್ತಿದ್ದೆ. ಅವಳ ಹೆಸರು ಮೂರೇ ಅಕ್ಷರದ್ದು, ಒತ್ತಕ್ಷರವಿಲ್ಲದ್ದು. ಎರಡೇ ದಿನದಲ್ಲಿ ಕಲಿತಳು. ಆಮೇಲೆ ಒಲೆಯ ಬೂದಿಯಲ್ಲಿ, ನೆಲದ ಸಗಣಿಯ ಸಾರಣೆಯಲ್ಲಿ, ಹಿಟ್ಟಿನ ಪರಾತದಲ್ಲಿ ಅದನ್ನೇ ಬರೆದಳೆಂದು ತಾನೇ ನಗುತ್ತ ಹೇಳಿದ್ದಳು.

ಪಾಠ ಶುರುವಾಗಿ ಮೂರು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಉಳಿದವರೆಲ್ಲ ಎದ್ದು ಹೋಗುವವರೆಗೂ ಕಾದು, ಸೆರಗಿನೊಳಗಿಂದ ಒಂದು ನೋಟುಬುಕ್ಕು ತೆಗೆದಳು. ಛಾಪಖಾನೆಯಲ್ಲಿ ಉಳಿದ ಹಾಳೆಗಳನ್ನು ಹೊಲಿದು ಮಾಡಿದ್ದು. ಮುಖ ಕೆಂಪಗಾಗಿತ್ತು.

"ಅಕ್ಕಾರ, ನಮ್ಮ ಮನಿಯವರು ಬರದಾರ್ರಿ. ದಿನಾ ಸಂಜಿಮುಂದ ಕುಂತು ಬರೀತಾರ. ಇವತ್ತ ಹಾಸಿಗಿ ಝಾಡಸೂ ಮುಂದ ಸಿಕ್ತು. ಎಲ್ಲಾ ಹಾಳ್ಯಾಗೂ ನನ್ನ ಹೆಸರ ಐತ್ರಿ. ನೋಡ್ರಿಲ್ಲಿ, ಇಲ್ಲಿ, ಮತ್ತ ಇಲ್ಲಿ." ಬೆರಳಿಟ್ಟು ತೋರಿಸಿದಳು. "ನನ್ನ ಮ್ಯಾಲ ಹಾಡ ಕಟ್ಟ್ಯಾರೋ ಏನೋ. ಓದಿ ಹೇಳ್ರಲಾ."

ನಾನು ಓದತೊಡಗಿದೆ. ದುಂಡಗಿನ, ಅಚ್ಚಿನಂಥ ಅಕ್ಷರ. ಮೊದಲ ಸಾಲಿನಲ್ಲಿ ಅವಳು ಹಿತ್ತಲಲ್ಲಿ ಕೂದಲು ಒಣಗಿಸುತ್ತಿದ್ದಳು. ಅದನ್ನು ಗಟ್ಟಿಯಾಗಿ ಓದಿದೆ. ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಎರಡನೆಯ ಸಾಲಿನಲ್ಲಿ ಅವನು ಹಿಂದಿನಿಂದ ಬರುತ್ತಿದ್ದ. ಮೂರನೆಯ ಸಾಲಿಗೆ ನನ್ನ ದನಿ ನಿಂತಿತು. ಕಣ್ಣು ಮಾತ್ರ ಕೆಳಗೆ ಓಡಿತು. ಆ ಪುಟದ ಕೊನೆಗೆ ಅವಳು ಸತ್ತಿದ್ದಳು. ಮುಂದಿನ ಪುಟಗಳಲ್ಲಿ ಮತ್ತೆ ಬದುಕಿ ಬಂದು, ಬೇರೊಂದು ರೀತಿಯಲ್ಲಿ ಮತ್ತೆ ಸಾಯುತ್ತಿದ್ದಳು. ಬೈಗುಳ ಒಂದೂ ಇರಲಿಲ್ಲ. ಸಿಟ್ಟಿನ ಮಾತೂ ಇರಲಿಲ್ಲ. ಅವಳ ಕತ್ತಿನ ಎಡಬದಿಯ ಮಚ್ಚೆ, ಕಾಲುಂಗುರದ ಸಪ್ಪಳ, ಸೀರೆಯ ಬಣ್ಣ, ಎಲ್ಲವನ್ನೂ ಪ್ರೀತಿಸುವವನ ಹಾಗೆ ಗಮನವಿಟ್ಟು ಬರೆದಿದ್ದ.

"ಯಾಕ ನಿಂತ್ರಿ?"

"ಅಕ್ಷರ ತಿಳೀವಲ್ದು" ಎಂದೆ. "ಕಥಿ ಬರದಾರ."

"ನಾ ಹೆಂಗ ಬರ್ತೀನ್ರಿ ಕಥಿಯಾಗ?"

"ಚೊಲೋ ಬರ್ತಿ."

ಅವಳು ನೋಟುಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ನಾನು ಹೇಳಿದ ಆ ಸುಳ್ಳಿಗೆ ಆಗ ನನಗೆ ಸಿಕ್ಕ ಕಾರಣವೆಂದರೆ, ಅದು ಬರೀ ಕಥೆಯೇ ಇರಬಹುದು, ಸುಮ್ಮನೆ ಒಂದು ಸಂಸಾರ ಯಾಕೆ ಕೆಡಿಸಲಿ ಎಂಬುದು. ಅವ್ವನಿಗೂ ಹೇಳಲಿಲ್ಲ.

ಆದರೆ ಮರುದಿನದಿಂದ ನಾನು ಇನ್ನೊಂದು ಕೆಲಸ ಮಾಡಿದೆ. ಒತ್ತಕ್ಷರ ಕಲಿಸುವುದನ್ನು ಮುಂದೂಡಿದೆ. ಸತ್ತಳು, ಕುತ್ತಿಗೆ, ಹಗ್ಗ, ಎಲ್ಲದಕ್ಕೂ ಒತ್ತು ಬೇಕು. ಒತ್ತಕ್ಷರ ಬಾರದವಳಿಗೆ ಆ ಪುಟಗಳು ಅರ್ಧ ಮಾತ್ರ ತೆರೆಯುತ್ತವೆ ಎಂದು ಲೆಕ್ಕ ಹಾಕಿದ್ದೆ. ಕಲಿತ ಕಾಗುಣಿತವನ್ನೇ ಮತ್ತೆ ಮತ್ತೆ ಬರೆಸಿದೆ. ಉಳಿದ ಹೆಂಗಸರು ಬೇಸತ್ತರು. ನಾನು ಹೀಗೆ ಎರಡು ತಿಂಗಳು ಕಳೆದೆ. ಓದು ಕಲಿಸಲು ಕೂತವಳು ಓದು ಬಾರದ ಹಾಗೆ ನೋಡಿಕೊಂಡೆ.

ಒಂದು ದಿನ ಪಾಠದ ನಡುವೆ ಅವಳು ಕೇಳಿದಳು. ಮುಖದಲ್ಲಿ ನಗೆ ಇರಲಿಲ್ಲ.

"ಅಕ್ಕಾರ, ತ ಕೆಳಗ ಇನ್ನೊಂದು ತ ಇದ್ರ ಏನಂತ ಓದಬೇಕ್ರಿ?"

ನಾನು ಉತ್ತರ ಕೊಡುವ ಮೊದಲೇ ಪಕ್ಕದಲ್ಲಿದ್ದ ಹೆಂಗಸೊಬ್ಬಳು, ಮಗಳ ಶಾಲೆಯ ಪುಸ್ತಕ ನೋಡಿದವಳು, "ತ್ತ ಅಂತಾರಲ್ಲ, ಹತ್ತು, ಕತ್ತಿ ಅಂದಂಗ" ಎಂದುಬಿಟ್ಟಳು. ಅವಳು ತಲೆಯಾಡಿಸಿದಳು. ಹಲಗೆಯ ಮೇಲೆ ಏನೋ ಬರೆದಳು, ಬರೆದದ್ದನ್ನು ಅಂಗೈಯಿಂದ ಒರೆಸಿದಳು.

ಹತ್ತು ದಿನದ ಮೇಲೆ, ಮನೆಯಲ್ಲಿ ಹುಡುಕಿ ಸಿಕ್ಕ ನಾಲ್ಕು ನೋಟುಬುಕ್ಕು ತಂದು ನನ್ನ ಮುಂದಿಟ್ಟಳು. ಎಲ್ಲವನ್ನೂ ಕೂಡಿಸಿ ಕೂಡಿಸಿ ತಾನೇ ಓದಿದ್ದಳು. ಅವ್ವ ಒಳಗೆ ಕಾಳು ಹಸನು ಮಾಡುತ್ತಿದ್ದಳು, ಅಲ್ಲಿಂದಲೇ ಕೇಳುತ್ತಿದ್ದಳು.

"ನಿಮಗ ಮದ್ಲ ಗೊತ್ತಿತ್ತಲ್ರಿ?" ಎಂದಳು.

ಹೌದೆಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ವಿಷಯ ತಿಳಿದ ಅವ್ವ ಮೊರ ಬದಿಗಿಟ್ಟು ಹೊರಗೆ ಬಂದಳು. "ಒಲಿಗೆ ಹಾಕವಾ ಮೊದಲ. ಗಂಡಸರ ತಲ್ಯಾಗ ಏನೇನೋ ಇರ್ತೈತಿ. ಕಾಗದ ಸುಟ್ರ ಎಲ್ಲಾ ಸುಟ್ಟಂಗ."

"ಸುಡೂದಿಲ್ರಿ ಅವ್ವಾರ" ಎಂದಳು ಅವಳು. "ಸುಟ್ಟ ಮ್ಯಾಲ ನಾ ಹೇಳೂದನ್ನ ಯಾರು ನಂಬ್ತಾರ? ನೀವಾದ್ರೂ ನಂಬ್ತೀರೇನು? ಅಷ್ಟು ಚೊಲೋ ಮನಶ್ಯಾ, ಇಕಿಗೇ ತಲಿ ಕೆಟ್ಟೈತಿ ಅಂತೀರಿ."

ಅವ್ವ ಮತ್ತೆ ಒಳಗೆ ಹೋಗಿ ಮೊರ ಹಿಡಿದಳು.

ಕೊನೆಯ ನೋಟುಬುಕ್ಕು ಉಳಿದವುಗಳ ಹಾಗಿರಲಿಲ್ಲ. ಮೊದಲಿನ ಮೂರರಲ್ಲಿ ಅವಳು ಹತ್ತಾರು ಬಗೆಯಲ್ಲಿ ಸತ್ತಿದ್ದರೆ ಇದರಲ್ಲಿ ಒಂದೇ ಬಗೆ. ಯುಗಾದಿಗೆ ಇಬ್ಬರೂ ಲಕ್ಷ್ಮೇಶ್ವರಕ್ಕೆ ಹೊರಡುತ್ತಾರೆ. ಶಿರಹಟ್ಟಿಯಲ್ಲಿ ಬಸ್ಸು ಇಳಿದು, ಮುಂದಿನ ದಾರಿ ನಡೆಯೋಣವೆನ್ನುತ್ತಾನೆ. ಶಿರಹಟ್ಟಿಯಿಂದ ಅರ್ಧ ಹರದಾರಿಯ, ಒಂದೂವರೆ ಮೈಲಿಯ ಮೇಲೆ ಎರಡು ಬೇವಿನ ಮರಗಳ ನಡುವೆ ಕಟ್ಟೆ ಒಡೆದ ಬಾವಿ. ನೀರು ನೋಡೋಣ ಬಾ ಎಂದು ಕರೆಯುತ್ತಾನೆ. ಬಾವಿಯ ಆಳ, ಕಟ್ಟೆಯಿಂದ ದಾರಿಗೆ ಎಷ್ಟು ಹೆಜ್ಜೆ, ಯಾವ ಹೊತ್ತಿಗೆ ಅಲ್ಲಿ ಜನ ಇರುವುದಿಲ್ಲ, ಎಲ್ಲ ಬರೆದಿತ್ತು. ಯುಗಾದಿಗೆ ಇನ್ನು ಐದು ವಾರ ಇತ್ತು.

ನಾನು ಮೊದಲು ಅವನನ್ನೇ ಕೇಳೋಣವೆಂದುಕೊಂಡೆ. ಶಾಲೆಯ ವಾರ್ಷಿಕೋತ್ಸವದ ಆಮಂತ್ರಣದ ನೆಪ ಮಾಡಿ ಛಾಪಖಾನೆಗೆ ಹೋದೆ. ಮಾಲೀಕರು ಹೊರಗೆ ಹೋಗಿದ್ದರು. ಅವನು ಮೊಳೆಗಳ ಗೂಡುಗಳ ಮುಂದೆ ನಿಂತು ಒಂದೊಂದೇ ಅಕ್ಷರ ಹೆಕ್ಕುತ್ತಿದ್ದ. ನಾನು ನೋಟುಬುಕ್ಕಿನ ಮಾತೆತ್ತಿದಾಗ ಅವನ ಕೈ ನಿಂತಿತು. ಹೆದರಲಿಲ್ಲ, ನಾಚಿಕೊಂಡ. ಸ್ನಾನ ಮಾಡುವಾಗ ಯಾರೋ ಬಾಗಿಲು ತೆರೆದ ಹಾಗೆ.

"ತಲ್ಯಾಗ ಬರ್ತೈತ್ರಿ ಅಕ್ಕಾರ. ಸಣ್ಣಾಂವ ಇದ್ದಾಗಿಂದ ಬರ್ತೈತಿ. ಬರದ್ರ ಹೋಗ್ತೈತಿ. ಬರೀದಿದ್ರ ಕುಂದ್ರಾಕೂ ಆಗೂದಿಲ್ಲ, ಉಣ್ಣಾಕೂ ಆಗೂದಿಲ್ಲ."

"ಆಕಿ ಹೆಸರ ಯಾಕ ಬರದ್ರಿ?"

"ಬ್ಯಾರೆ ಹೆಸರ ಹಾಕಿ ನೋಡಿದ್ನಿ. ಮುಂದ ಹೋಗಲಿಲ್ಲ."

ಇಷ್ಟು ಹೇಳಿ ನನ್ನ ಮುಖ ನೋಡಿದ. ತಾನು ಹೇಳಿದ್ದು ನನಗೆ ಅರ್ಥವಾಗುತ್ತದೆ ಎಂದು ನಿಜಕ್ಕೂ ನಂಬಿದ್ದ.

"ಆ ಬಾವಿ ಖರೇನ ಐತೇನು?" ಎಂದೆ.

ಅವನು ಕೈಯಲ್ಲಿದ್ದ ಮೊಳೆಯನ್ನು ಗೂಡಿಗೆ ಹಾಕಿದ. "ಅಕ್ಕಾರ, ನಾ ಆಕಿಗೆ ಒಂದ ಏಟೂ ಹೊಡದಿಲ್ಲ. ಆಕೀನ್ನ ಕೇಳ್ರಿ" ಎಂದ.

ಆ ಭಾನುವಾರ ಅವ್ವನಿಗೆ ಗೆಳತಿಯ ಮನೆಗೆ ಹೋಗುತ್ತೇನೆಂದು ಹೇಳಿ ಶಿರಹಟ್ಟಿಯ ಬಸ್ಸು ಹತ್ತಿದೆ. ಕೆಲವೇ ವರ್ಷಗಳ ಹಿಂದೆ ಶಿರಹಟ್ಟಿ ಸಾಂಗಲಿ ಸಂಸ್ಥಾನದ ಊರು, ಅದರಾಚೆಯ ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ನಮಗೆ ಅವು ಪರರಾಜ್ಯದ ಊರುಗಳಾಗಿದ್ದವು. ಒಬ್ಬಳೇ ಅಲ್ಲಿಗೆ ಹೋದದ್ದು ಅದೇ ಮೊದಲು. ಲಕ್ಷ್ಮೇಶ್ವರದ ದಾರಿ ಹಿಡಿದು ನಡೆದೆ. ಹೊಲಗಳಲ್ಲಿ ಬಿಳಿಜೋಳ ಕೊಯ್ದು ಮುಗಿದಿತ್ತು. ಬೇವಿನ ಮರಗಳು ಎರಡೇ ಇದ್ದವು. ನಡುವೆ ಕಟ್ಟೆ ಒಡೆದ ಬಾವಿ ಇತ್ತು. ಅವನು ಬರೆದ ಹಾಗೆಯೇ, ಪೂರ್ವದ ಕಡೆ ಮೂರು ಕಲ್ಲು ಕಿತ್ತು ಹೋಗಿದ್ದವು. ನಾನು ದಾರಿಯಿಂದ ಹೆಜ್ಜೆ ಎಣಿಸಿದೆ. ಅವನ ನೋಟುಬುಕ್ಕಿನಲ್ಲಿ ನಲವತ್ತು ಇತ್ತು. ನನಗೆ ನಲವತ್ನಾಲ್ಕಾಯಿತು, ನನ್ನ ಹೆಜ್ಜೆ ಸಣ್ಣವು.

ಹತ್ತಿರದ ಬದುವಿನಲ್ಲಿ ಮುದುಕಿಯೊಬ್ಬಳು ಹುಲ್ಲು ಕೊಯ್ಯುತ್ತಿದ್ದಳು. ಇಲ್ಲಿ ಯಾರಾದರೂ ಬಂದಿದ್ದರೇ ಎಂದು ಕೇಳಿದೆ.

"ಬಂದಿದ್ನಲ್ಲವಾ ಒಬ್ಬಾಂವ. ಹೋದ ಅಮಾಸಿ ಹಿಂದ ಮುಂದ. ಕಲ್ಲ ಒಗದ ಎಣಿಸ್ತಿದ್ದ, ಒಂದು, ಎರಡು, ಮೂರು ಅಂತ. ಏನಪಾ ಕಳಕೊಂಡಿ ಅಂದೆ. ಏನಿಲ್ಲಬೇ, ಸುಮ್ಮನ ನೋಡಾಕ ಬಂದೀನಿ ಅಂದ. ಕೈಯೆಲ್ಲಾ ಮಸಿ ಮಸಿ. ಯಾಕ, ನಿಮ್ಮಾಂವೇನು?"

ಅಲ್ಲವೆಂದು ಹೇಳಿ ಬಂದೆ.

ಮರುದಿನ ಶಾಲೆ ಬಿಟ್ಟಮೇಲೆ ನಾವಿಬ್ಬರೂ ಪೊಲೀಸ್ ಫೌಜದಾರರ ಕಚೇರಿಗೆ ಹೋದೆವು. ಅವಳು ಹೋಗೋಣವೆಂದಳೋ ನಾನು ಕರೆದೊಯ್ದೆನೋ ಎಂದು ಆಮೇಲೆ ಬಹಳ ಜನ ಕೇಳಿದರು. ನಾನೇ ಕರೆದೊಯ್ದೆ. ಫೌಜದಾರರು ಅವನನ್ನು ಕರೆಸಿ ಗದರಿಸಿ ಕಳಿಸುತ್ತಾರೆ, ಅವನು ಹೆದರುತ್ತಾನೆ, ಅಲ್ಲಿಗೆ ಮುಗಿಯುತ್ತದೆ ಎಂದು ನನ್ನ ಎಣಿಕೆ. ಸರಕಾರ ನಮ್ಮದು, ಹೋಗಿ ಹೇಳಿದರೆ ಕೇಳುತ್ತದೆ ಎಂಬ ನಂಬಿಕೆಯೂ ಇತ್ತು.

ಫೌಜದಾರರು ಮರಾಠಿ ಕಡೆಯವರು. "ನನಗ ಕನ್ನಡ ಮಾತಾಡಾಕ ಬರ್ತದ, ಓದಾಕ ಬರೂದಿಲ್ಲ. ನೀವ ಓದ್ರಿ ಬಾಯಿಸಾಹೇಬ್ರ" ಎಂದರು. ನಾನು ಬಾವಿಯ ಭಾಗ ಓದಿದೆ. ಮುದುಕಿಯ ಮಾತನ್ನೂ ಹೇಳಿದೆ. ಅವರು ಮೀಸೆ ತಿರುವುತ್ತ ಕೇಳಿದರು. ಅಂದು ಸಂಜೆಯೇ ಇಬ್ಬರು ಪೊಲೀಸರು ಛಾಪಖಾನೆಯಿಂದ ಅವನನ್ನು ಕೈಗೆ ಹಗ್ಗ ಕಟ್ಟಿ ಗದಗಿನ ಪೇಟೆಯ ನಡುವೆ ನಡೆಸಿಕೊಂಡು ಹೋದರು. ಕೈಯ ಮಸಿ ತೊಳೆಯಲೂ ಬಿಟ್ಟಿರಲಿಲ್ಲವಂತೆ. ಮನೆಯಲ್ಲಿ ಪಂಚನಾಮೆಯಾಯಿತು. ಹೆಂಡತಿಯ ಕೊಲೆಗೆ ಹೊಂಚು ಹಾಕಿದವನೆಂದು ಎರಡು ದಿನದಲ್ಲಿ ಊರೆಲ್ಲ ಸುದ್ದಿ. ಕೊಲೆ ಆಗಿಯೇ ಹೋಯಿತೆಂದು ತಿಳಿದು ಮುಂಡರಗಿಯಿಂದ ಅವಳ ಅಣ್ಣ ಅಳುತ್ತ ಬಂದ. ತಂಗಿ ಬಾಗಿಲಲ್ಲಿ ನಿಂತದ್ದನ್ನು ನೋಡಿ ಅವಳ ಮೇಲೆಯೇ ಸಿಟ್ಟಾದ.

ವಿಚಾರಣೆಯ ದಿನ ಕೋರ್ಟಿನ ತುಂಬ ಜನ. ಇಷ್ಟು ದಿನ ಸಿನಿಮಾ ಟೆಂಟಿಗೆ ಹೋಗುತ್ತಿದ್ದವರೆಲ್ಲ ಅಂದು ಅಲ್ಲಿಗೆ ಬಂದಿದ್ದರು. ನೋಟುಬುಕ್ಕನ್ನು ಓದಬೇಕೆಂದು ನನ್ನನ್ನು ಕರೆದರು. ಗಟ್ಟಿಯಾಗಿ ಓದಬೇಕು, ಬರೆದುಕೊಳ್ಳುವ ಗುಮಾಸ್ತನಿಗೆ ಕೇಳಿಸಬೇಕು. ಅವಳು ಗೋಡೆಗೆ ಒರಗಿ ನಿಂತಿದ್ದಳು. ಅವಳ ಕತ್ತಿನ ಮಚ್ಚೆ, ಅವಳ ಸ್ನಾನ, ಅವಳು ಮಲಗುವ ರೀತಿ, ಎಲ್ಲವನ್ನೂ ನಾನು ಓದಿದೆ. ಪ್ರತಿ ಸಾಲಿಗೂ ಜನ ತಿರುಗಿ ಅವಳನ್ನು ನೋಡುತ್ತಿದ್ದರು. ಹಿಂದಿನಿಂದ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ಮೇಜು ಬಡಿದರು. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ನಾನು ಓದುತ್ತಲೇ ಹೋದೆ. ನಿಲ್ಲಿಸುವ ಅಧಿಕಾರ ನನಗಿರಲಿಲ್ಲ.

ಅವನ ಪರವಾಗಿ ಬಂದ ವಕೀಲರು ವಯಸ್ಸಾದವರು, ಒಳ್ಳೆಯ ಮಾತುಗಾರರು. "ಇದು ಬರವಣಿಗಿ. ಕೊಲಿ ಬರದಾವ್ರನ್ನೆಲ್ಲಾ ಹಿಡದ್ರ ನಾಟಕದ ಕಂಪನಿಗಳನ್ನ ಮುಚ್ಚಬೇಕಾಗ್ತೈತಿ" ಎಂದರು. ಅವರು ಮುದುಕಿಯ ಹೇಳಿಕೆಯನ್ನು ಹಿಡಿದು ಅವನನ್ನೇ ಕೇಳಿದರು, ಬಾವಿಗೆ ಯಾಕೆ ಹೋಗಿದ್ದೆ ಎಂದು.

ಅವನು ಕಟಕಟೆಯಿಂದ ಮೆಲ್ಲಗೆ ಹೇಳಿದ: "ಬಾವಿ ನೋಡದ ಬಾವಿ ಹೆಂಗ ಬರೀಲಿ ಸಾಹೇಬ್ರ?"

ಮ್ಯಾಜಿಸ್ಟ್ರೇಟರು ನನ್ನ ಕಡೆ ತಿರುಗಿದರು. "ನೀವು ಕನ್ನಡ ಬಲ್ಲವರು, ಪೂರ್ತಿ ಓದಿದವರು. ಇದು ಕಥಿಯೋ, ಮಾಡಬೇಕಂತ ಹಾಕಿದ ಯೋಜನೆಯೋ? ನಿಮಗ ಏನನಸ್ತದ?"

ಅವಳು ಸೆರಗು ಸರಿಸಿ ನನ್ನನ್ನು ನೋಡಿದಳು. ಅವನೂ ನೋಡಿದ. ಮೊದಲ ಮೂರು ನೋಟುಬುಕ್ಕುಗಳಲ್ಲಿ ಬಾವಿಯಿರಲಿಲ್ಲ, ದಿನವಿರಲಿಲ್ಲ, ಹೆಜ್ಜೆಗಳ ಎಣಿಕೆಯಿರಲಿಲ್ಲ. ನಾಲ್ಕನೆಯದರಲ್ಲಿ ಇದ್ದವು. ಅದು ಬರೆಯುವವನ ಕೈ ಪಳಗಿದ ಗುರುತೋ, ಕೊಲ್ಲುವವನ ಮನಸ್ಸು ಗಟ್ಟಿಯಾದ ಗುರುತೋ? ಯೋಚಿಸಲು ನನಗೆ ಸಿಕ್ಕದ್ದು ಒಂದು ನಿಮಿಷ.

"ನನಗ ಹೇಳಾಕ ಬರೂದಿಲ್ರಿ" ಎಂದೆ.

ಒಂದು ವರ್ಷ ಸರಿಯಾಗಿ ನಡೆದುಕೊಳ್ಳುತ್ತೇನೆಂದು ಅವನಿಂದ ಮುಚ್ಚಳಿಕೆ ಬರೆಸಿಕೊಂಡು, ಒಬ್ಬ ಜಾಮೀನುದಾರನನ್ನು ತೆಗೆದುಕೊಂಡು ಬಿಟ್ಟುಬಿಟ್ಟರು. ಆಗದ ಕೃತ್ಯಕ್ಕೆ ಶಿಕ್ಷೆ ಕೊಡಲು ಬರುವುದಿಲ್ಲ, ಮನಸ್ಸಿನೊಳಗಿನದಕ್ಕೆ ಕಾಯ್ದೆಯ ಕೈ ನಿಲುಕುವುದಿಲ್ಲ ಎಂದು ಮ್ಯಾಜಿಸ್ಟ್ರೇಟರು ಹೇಳಿದರು. ನೋಟುಬುಕ್ಕುಗಳು ಕೋರ್ಟಿನಲ್ಲೇ ಉಳಿದವು. ಛಾಪಖಾನೆಯ ಮಾಲೀಕರು ಅವನನ್ನು ಒಳಗೆ ಸೇರಿಸಲಿಲ್ಲ. ಊರಿನ ಬೇರೆ ಛಾಪಖಾನೆಗಳೂ ಸೇರಿಸಲಿಲ್ಲ. ಅವನು ಲಕ್ಷ್ಮೇಶ್ವರಕ್ಕೆ, ತಾಯಿಯ ಮನೆಗೆ ಹೋದ.

ಅವಳನ್ನು ಅಣ್ಣ ಮುಂಡರಗಿಗೆ ಕರೆದುಕೊಂಡು ಹೋದ. ನನ್ನ ಪಾಠ ನಿಂತಿತು. ಹೇಳಿ ನಿಲ್ಲಿಸಿದ್ದಲ್ಲ, ಹೆಂಗಸರೇ ಬರಲಿಲ್ಲ. "ಅಕ್ಷರ ಕಲಿತು ಗಂಡನ್ನ ಜೇಲಿಗೆ ಹಾಕಸೂದು ಕಲಸ್ತಾಳ" ಎಂದು ಓಣಿಯಲ್ಲಿ ಮಾತಾಯಿತು. ಮನೆಯ ಮಾಲೀಕರು ಪಡಸಾಲೆಯಲ್ಲಿ ಇನ್ನೊಂದು ಮಗ್ಗ ಹಾಕಿದರು.

ಎಂಟು ತಿಂಗಳ ಮೇಲೆ ಅವಳು ಕೈಯಲ್ಲಿ ಟ್ರಂಕು ಹಿಡಿದು ಶಾಲೆಯ ಬಾಗಿಲಿಗೆ ಬಂದಳು. ಅರ್ಧ ರಜೆ ಕೇಳಿಕೊಂಡು ಅವಳೊಡನೆ ಗದಗಿನ ಬಸ್ ನಿಲ್ದಾಣದವರೆಗೆ ನಡೆದೆ. ಅಣ್ಣನ ಮನೆಯಲ್ಲಿ ಅತ್ತಿಗೆ ಮಾತು ಬಿಟ್ಟಿದ್ದಳು. ಕೋರ್ಟಿನಲ್ಲಿ ಓದಿದ ಸಾಲುಗಳನ್ನು ಅಲ್ಲಿನ ಗಂಡಸರು ಅವಳು ನೀರಿಗೆ ಹೋದಾಗ ಹಿಂದಿನಿಂದ ಹೇಳುತ್ತಿದ್ದರಂತೆ. ಲಕ್ಷ್ಮೇಶ್ವರಕ್ಕೆ ಹೊರಟಿದ್ದಳು. ಅವನ ತಾಯಿ ತೀರಿಕೊಂಡಿದ್ದಳು, ಬರಬೇಕೆಂದು ಅವನು ಹೇಳಿಕಳಿಸಿದ್ದ.

"ಹೋಗಬ್ಯಾಡ" ಎಂದೆ.

"ಮತ್ತೆಲ್ಲಿಗೆ ಹೋಗ್ಲಿ ಅಕ್ಕಾರ? ನಿಮ್ಮ ಮನ್ಯಾಗ ಇಟ್ಕೋತೀರೇನು?"

ವ್ಯಂಗ್ಯವಿರಲಿಲ್ಲ, ನಿಜವಾಗಿ ಕೇಳಿದ್ದಳು. ನಾನು ಒಂದೇ ಕೋಣೆ ನೆನೆದೆ, ಅವ್ವನನ್ನು ನೆನೆದೆ, ಆಗಷ್ಟೇ ಗಂಡಿನ ಕಡೆಯವರು ನೋಡಿಕೊಂಡು ಹೋದದ್ದನ್ನೂ ನೆನೆದೆ. ಬಸ್ಸು ಬಂತು. ನಾನು ಬಾಯಿ ತೆರೆಯುವುದನ್ನು ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಟ್ರಂಕನ್ನು ತಾನೇ ಎತ್ತಿಟ್ಟುಕೊಂಡಳು. ಕಿಟಕಿಯ ಹತ್ತಿರ ಓಡಿಹೋಗಿ ನಾನು ಹೇಳಿದ್ದು ಇಷ್ಟೇ: "ತಿಂಗಳಿಗೊಮ್ಮೆ ಒಂದು ಕಾರ್ಡು ಬರಿ. ಅರಾಮ ಅದೀನಿ ಅಂತ ಬರದ್ರ ಸಾಕು."

ಅವಳು ಬರೆದಳು. ಪ್ರತಿ ತಿಂಗಳೂ ಒಂದು ಕಾರ್ಡು, ಒಂದೇ ಸಾಲು, ದೊಡ್ಡ ದೊಡ್ಡ ಅಕ್ಷರದಲ್ಲಿ. ನನ್ನ ಮದುವೆಯಾಯಿತು. ಗಂಡ ಗದಗಿನಲ್ಲೇ ಹೈಸ್ಕೂಲು ಮಾಸ್ತರರು. ಮನೆ ಬದಲಾದಾಗ ಅಂಚೆಯವನಿಗೆ ಹೊಸ ವಿಳಾಸ ನಾನೇ ಹೋಗಿ ಹೇಳಿಬಂದೆ. ಕನ್ನಡ ನಾಡು ಒಂದಾದ ದಿನ ಗದಗಿನಲ್ಲಿ ಮೆರವಣಿಗೆ, ಶಾಲೆಯಲ್ಲಿ ಪೇಢೆ ಹಂಚಿದೆವು. ಸಾಂಗಲಿ, ಮಿರಜ, ಮುಂಬಯಿ ಎಂದು ಹರಿದು ಹಂಚಿಹೋದ ಊರುಗಳೆಲ್ಲ ಇನ್ನು ಒಂದೇ ಎಂದು ಮುಖ್ಯಾಧ್ಯಾಪಕಿ ಭಾಷಣ ಮಾಡಿದರು. ನಾನು ಮಕ್ಕಳ ಸಾಲಿನ ಹಿಂದೆ ನಿಂತಿದ್ದೆ. ಹಿಂದಿನ ತಿಂಗಳ ಕಾರ್ಡು ಬಂದಿರಲಿಲ್ಲ. ಆ ತಿಂಗಳೂ ಬರಲಿಲ್ಲ.

ಗಂಡನಿಗೆ ಹೇಳಿ ಲಕ್ಷ್ಮೇಶ್ವರಕ್ಕೆ ಹೋದೆ. ಬಸ್ಸು ಆ ಬೇವಿನ ಮರಗಳನ್ನು ದಾಟುವಾಗ ಕಣ್ಣು ಮುಚ್ಚಿಕೊಂಡೆ. ಮನೆ ಹುಡುಕಿ ಬಾಗಿಲು ಬಡಿದಾಗ ತೆರೆದವಳು ಅವಳೇ. ನಾನು ಹೊಸ್ತಿಲಲ್ಲೇ ಕೂತುಬಿಟ್ಟೆ. ಬಹಳ ಸಣ್ಣಗಾಗಿದ್ದಳು, ಆದರೆ ಇದ್ದಳು.

"ಜೀವಂತ ಅದೀನಿ ಅಂತ ತಿಂಗಳಾ ತಿಂಗಳಾ ಬರದು ಬ್ಯಾಸರಾತ್ರಿ" ಎಂದಳು. "ಬರೀವಾಗೆಲ್ಲಾ ಅದ ನೆನಪು."

ಅವನು ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ. ಪೇಟೆಯ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟುವ ಕೆಲಸ ಸಿಕ್ಕಿತ್ತಂತೆ. ಅಂದು ಅಂಗಡಿಗೆ ರಜೆ. ನನ್ನನ್ನು ನೋಡಿ ಕೈಮುಗಿದ. ಬೆರಳುಗಳು ಬೆಳ್ಳಗಾಗಿದ್ದವು.

"ಬರೀತಾರೇನು?" ಎಂದು ನಾನು ಅವಳನ್ನು ಅಡಿಗೆಮನೆಯಲ್ಲಿ ಕೇಳಿದೆ.

"ಒಂದಕ್ಷರಾನೂ ಬರೀಲಿಲ್ಲ. ಕೋರ್ಟಿನ್ಯಾಗಿಂದ ಬಂದ ಮ್ಯಾಲ ಕಾಗದ ಮುಟ್ಟಿಲ್ಲ." ಒಲೆಯಲ್ಲಿ ಕಟ್ಟಿಗೆ ಸರಿಸುತ್ತ ದನಿ ತಗ್ಗಿಸಿದಳು. "ಅದಕ ನನಗ ಹೆಚ್ಚು ಅಂಜಿಕಿ ಅಕ್ಕಾರ. ಬರೀತಿದ್ರ ತಗದು ಓದಿ ತಿಳಕೋತಿದ್ದೆ, ಇವತ್ತ ಏನೈತಿ, ನಾಳೆ ಏನೈತಿ ಅಂತ. ಈಗ ಅವರ ತಲಿ ಒಳಗ ಏನೈತಿ ಅಂತ ಹೆಂಗ ಓದಲಿ?"

ಬರೆದರೆ ಹೋಗುತ್ತದೆ ಎಂದು ಅವನು ಛಾಪಖಾನೆಯಲ್ಲಿ ಹೇಳಿದ್ದು ನನಗೆ ನೆನಪಾಯಿತು. ಅವಳಿಗೆ ಅದನ್ನು ಹೇಳಲಿಲ್ಲ.

ಅದಾದ ಮೇಲೆ ನಾನು ವರ್ಷಕ್ಕೆ ಒಂದೆರಡು ಬಾರಿ ಹೋಗಿ ನೋಡಿ ಬರುತ್ತಿದ್ದೆ. ನನ್ನ ಮಕ್ಕಳು ಹುಟ್ಟಿದರು, ಹೋಗುವುದು ಕಡಿಮೆಯಾಯಿತು, ಮೂರು ವರ್ಷಕ್ಕೊಮ್ಮೆ, ಐದು ವರ್ಷಕ್ಕೊಮ್ಮೆ. ಪ್ರತಿ ಸಲವೂ ಬಾಗಿಲು ತೆರೆಯುವವರೆಗೆ ಒಳಗಿನ ಕಾಲುಂಗುರದ ಸಪ್ಪಳಕ್ಕೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಪ್ರತಿ ಸಲವೂ ಅವಳೇ ತೆರೆಯುತ್ತಿದ್ದಳು. ಏನೂ ಆಗಲಿಲ್ಲ. ಬಹಳ ವರ್ಷಗಳ ಮೇಲೆ ಅವನು ಕಾಮಾಲೆಯಾಗಿ ಸತ್ತ. ಸುದ್ದಿ ತಡವಾಗಿ ತಿಳಿಯಿತು, ಹೋದೆ. ಅವಳ ಕೂದಲು ಅರ್ಧ ಬೆಳ್ಳಗಾಗಿತ್ತು. ಆ ಹೊತ್ತಿಗೆ ಅವಳು ಬಾಲವಾಡಿಯಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದಳು.

"ಇಷ್ಟು ವರ್ಷ ಜೋಡಿ ಇದ್ದೆ" ಎಂದಳು. "ಒಂದ ದಿನ ಕೈ ಎತ್ತಲಿಲ್ಲ, ಒಂದು ಕೆಟ್ಟ ಮಾತಾಡಲಿಲ್ಲ. ಕಡೀಕೆ ಹಾಸಿಗಿ ಹಿಡದಾಗ ನನ್ನ ಕೈ ಹಿಡಕೊಂಡು ಅತ್ತರು. ಯಾಕ ಅಳ್ತೀರಿ ಅಂದೆ. ಹೇಳಲಿಲ್ಲ. ಅವರು ಉಂಡು ಅರ್ಧ ತಾಸು ಆಗೂತನಕ ನಾ ಒಂದ ದಿನಾನೂ ತುತ್ತು ಎತ್ತಲಿಲ್ಲ ಅಕ್ಕಾರ. ಗಂಡ ಉಂಡ ಮ್ಯಾಲ ಉಣ್ತಾಳ, ಎಂಥಾ ಹೆಣಮಗಳು ಅಂತ ಓಣಿಯೆಲ್ಲಾ ಹೊಗಳತಿತ್ತು."

ನಾನು ಅಂದು ಅವಳನ್ನು ಫೌಜದಾರರ ಕಚೇರಿಗೆ ಕರೆದೊಯ್ಯದಿದ್ದರೆ ಅವಳು ಆ ಯುಗಾದಿಗೆ ಸಾಯುತ್ತಿದ್ದಳೋ, ಅಥವಾ ಇಬ್ಬರೂ ಬೆಟಗೇರಿಯಲ್ಲಿ ಹಾಗೆಯೇ ಬದುಕಿಕೊಂಡು, ಅವನು ಬರೆಯುತ್ತ ಹೋಗಿ, ಅವಳು ಉಣ್ಣುತ್ತ ನಗುತ್ತ ಇರುತ್ತಿದ್ದಳೋ, ಕೇಳಬೇಕೆಂದು ಬಾಯಿಗೆ ಬಂದಿತ್ತು. ಅವಳಿಗೂ ಗೊತ್ತಿರಲಾರದು ಎಂದು ಬಿಟ್ಟೆ.

ಹೊರಗೆ ಬಾಲವಾಡಿಯ ಮಕ್ಕಳನ್ನು ಕರೆತರುವ ಹೊತ್ತಾಗಿತ್ತು. ಅವಳು ಎದ್ದು ಸೀರೆ ಕೊಡವಿಕೊಂಡಳು. ನಾನೂ ಎದ್ದೆ. ಗದಗಿನ ಬಸ್ಸಿಗೆ ಇನ್ನೂ ಒಂದು ತಾಸಿದೆ, ಅಲ್ಲಿಯವರೆಗೆ ತನ್ನ ಜೊತೆ ಬನ್ನಿ ಎಂದು ಕರೆದಳು. ಓಣಿ ಓಣಿ ತಿರುಗಿ, ಒಂದೊಂದು ಮನೆಯ ಬಾಗಿಲಿನಿಂದ ಮಕ್ಕಳನ್ನು ಕೂಡಿಸಿಕೊಳ್ಳುತ್ತ ಇಬ್ಬರೂ ನಡೆದೆವು.